ಹೊಸ್ತಿಲಲ್ಲಿ ನಿಂತು ಹೇಳಬೇಕಾದ ಸಂಖ್ಯೆ

ಬೆಟಗೇರಿ, ಗದಗ
ಕ್ರಿ.ಶ. 2231, ಎರಡನೆಯ ಬೇಸಿಗೆಯ ಒಂಬತ್ತನೆಯ ದಿನ

ಇನ್ನೂರು ವರ್ಷ ಹಿಂದಿನ ಹಿರಿಯರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗದು. ನಮಗೆ ವರ್ಷಕ್ಕೆ ಎರಡು ಬೇಸಿಗೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಎನಿಸಬಹುದು, ಕ್ಷಮಿಸಿ. ನೀವು ಕಾಗದದ ಮೊದಲಿಗೆ ನಿಮ್ಮ ಕ್ಷೇಮ ಬರೆದು, ಎದುರಿನವರ ಕ್ಷೇಮ ಕೇಳುತ್ತಿದ್ದಿರಂತೆ. ಮೊದಲನೆಯದನ್ನು ಬರೆದರೆ ಸುಳ್ಳಾಗುತ್ತದೆ, ಎರಡನೆಯದಕ್ಕೆ ಉತ್ತರ ಬರುವ ದಾರಿಯಿಲ್ಲ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ನನ್ನ ಹೆಸರು ಗುರುಬಸವ್ವ. ನಾನು ಈ ಓಣಿಯ ಸಾರವ್ವ. ನೀವು ಆ್ಯಂಟಿವೈರಸ್ ಎನ್ನುತ್ತಿದ್ದುದಕ್ಕೆ ನಾವು ಕಾವಲು ಎನ್ನುತ್ತೇವೆ. ಕಾವಲಿಗೆ ಅಪ್‌ಡೇಟ್ ಬಂದಾಗ ಅದರ ಹನ್ನೆರಡು ಅಂಕಿಯ ಸಂಖ್ಯೆಯನ್ನು ಕಾಗದದಲ್ಲಿ ಬರೆದುಕೊಂಡು, ಮನೆಮನೆಗೆ ನಡೆದು ಸಾರುವವಳು ಸಾರವ್ವ. ಮನೆಯವರು ಅದನ್ನು ತಮ್ಮ ಯಂತ್ರಗಳಿಗೆ ಕೈಯಿಂದ ಒತ್ತಿಕೊಳ್ಳುತ್ತಾರೆ. ನಿಮ್ಮ ಕಾಲದಲ್ಲಿ ಈ ಸುದ್ದಿ ತೆರೆಯ ಮೂಲೆಯಲ್ಲಿ ತಾನಾಗಿ ಮೂಡುತ್ತಿತ್ತೆಂದು ಓದಿದ್ದೇನೆ. ನಮ್ಮ ಅಜ್ಜಂದಿರ ಕಾಲಕ್ಕೆ ವೈರಸ್ಸೇ ಅಪ್‌ಡೇಟಿನ ವೇಷ ಹಾಕಿ ಬರತೊಡಗಿತು. ಊರ ನೀರಿನ ಯಂತ್ರಗಳು, ಆಸ್ಪತ್ರೆಯ ಯಂತ್ರಗಳು ಒಂದೇ ವಾರದಲ್ಲಿ ನಿಂತವು. ಕೆಟ್ಟ ಮೇಲೆ ಬುದ್ಧಿ ಬಂತು. ಅಂದಿನಿಂದ ತೆರೆಯಲ್ಲಿ ಕಂಡದ್ದನ್ನು, ಮಾತಿನ ಪೆಟ್ಟಿಗೆಯಲ್ಲಿ ಕೇಳಿದ್ದನ್ನು ನಂಬುವಂತಿಲ್ಲ ಎಂಬುದು ಊರಿನ ಕಟ್ಟಳೆ.

ನಡೆದು ಬಂದವರನ್ನೂ ಸುಮ್ಮನೆ ನಂಬುವುದಿಲ್ಲ. ಹಿಂದೆ ಹೊಸ ಮದುಮಕ್ಕಳನ್ನು ಹೊಸ್ತಿಲಲ್ಲಿ ತಡೆದು, ಸಂಗಾತಿಯ ಹೆಸರು ಸೇರಿಸಿದ ಒಡಪು ಹೇಳಿಸುತ್ತಿದ್ದರಲ್ಲ, ನಾವು ಸಾರವ್ವನಿಂದ ಹೇಳಿಸುತ್ತೇವೆ. ಮನೆಯವರು ಒಂದು ಪ್ರಶ್ನೆ ಕೇಳುತ್ತಾರೆ. ಅವರಿಗೂ ನನಗೂ ಮಾತ್ರ ಗೊತ್ತಿರುವ ಉತ್ತರ ಕೊಟ್ಟರೆ ಬಾಗಿಲು ತೆರೆಯುತ್ತದೆ. ಪತ್ತಾರರ ಮನೆಯ ಮುದುಕಿ, ತನ್ನ ಮೊಮ್ಮಗಳ ತೊಟ್ಟಿಲಿಗೆ ನಾನು ಏನು ತಂದಿದ್ದೆ ಎಂದು ಹನ್ನೊಂದು ವರ್ಷದಿಂದ ಕೇಳುತ್ತಿದ್ದಾಳೆ. ಬರಿಗೈಯಲ್ಲಿ ಬಂದಿದ್ದೆ ಎಂದು ನನ್ನ ಬಾಯಿಂದಲೇ ಕೇಳಿದರೆ ಅವಳಿಗೆ ಸಮಾಧಾನ.

ನನ್ನ ಅಣ್ಣ ಈರಸಂಗಪ್ಪನ ಎದೆಯೊಳಗೆ ಗುಂಡಿಗೆಯನ್ನು ನಡೆಸುವ ಯಂತ್ರವಿತ್ತು. ಅವನ ಮನೆ ರೈಲು ಹಳಿಯ ಆಚೆ, ನನ್ನ ಸರದಿಯಲ್ಲಿ ಕೊನೆಯದು. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಬಿಸಿಲು ನೆತ್ತಿ ಸುಡುತ್ತಿತ್ತು. ಹಳಿ ದಾಟುವ ಬದಲು ನಾನು ಮನೆಗೆ ತಿರುಗಿ, ಗೋಡೆಯ ಮಾತಿನ ಪೆಟ್ಟಿಗೆಯಲ್ಲಿ ಅವನಿಗೆ ಸಂಖ್ಯೆ ಓದಿದೆ.

“ಹೊಸ್ತಿಲಿಗೆ ಬಂದು ಹೇಳವಾ. ಪದ್ಧತಿ ಅಂದ್ರ ಪದ್ಧತಿ,” ಎಂದ.

“ನನ್ನ ದನಿ ಗುರ್ತ ಹತ್ತೂದಿಲ್ಲೇನ ನಿನಗ?” ಎಂದು ಗದರಿದೆ.

ಅಣ್ಣ ನಕ್ಕು ಒತ್ತಿಕೊಂಡ. ಸಂಖ್ಯೆ ಸರಿಯಿತ್ತು, ಏನೂ ಆಗಲಿಲ್ಲ.

ಎಂಟು ದಿನದ ಮೇಲೆ ಅವನ ಮನೆಯ ಪೆಟ್ಟಿಗೆ ನನ್ನ ದನಿಯಲ್ಲಿ ಬೇರೊಂದು ಸಂಖ್ಯೆ ಓದಿತು. ನಾನು ಆಗ ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದೆ. ಅಣ್ಣ ಅನುಮಾನಿಸಿದನಂತೆ. ಪೆಟ್ಟಿಗೆ ಅವನನ್ನು ಗದರಿತಂತೆ, ನಾನಾಡಿದ್ದ ಅದೇ ಮಾತಿನಲ್ಲಿ. ಒಳಗೆ ಅಡಗಿದ್ದ ವೈರಸ್ಸು ಮೊದಲ ಸಲವೇ ಎಲ್ಲ ಕೇಳಿಸಿಕೊಂಡಿತ್ತು. ಅವನು ಒತ್ತಿದ. ಪಕ್ಕದಲ್ಲಿ ಜೋಳ ಹಸನು ಮಾಡುತ್ತಿದ್ದ ಅವನ ಹೆಂಡತಿ, ನನ್ನ ವೈನಿ ಚಂಪವ್ವ, ಮೊರ ಕೆಳಗಿಟ್ಟು ಏಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ವೈರಸ್ಸು ಕೊಂದಿತೆಂದು ಊರು ಹೇಳುತ್ತದೆ. ದನಿಯನ್ನು ನಂಬಲು ಅವನಿಗೆ ಕಲಿಸಿದವಳು ನಾನು. ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೆ. ತೆರೆಯಲ್ಲಿ ಸುದ್ದಿ ಮೂಡಿದಾಗ, ಅದನ್ನು ತಂದವರು ಯಾರು ಎಂದು ವಿಚಾರಿಸಿ. ಪದ್ಧತಿ ಬಿಟ್ಟರೂ ಇದೊಂದು ಸಲ ನಡೆಯುತ್ತದೆ ಎಂದು ಮನೆಯವರಿಗೆ ಯಾವತ್ತೂ ಹೇಳಬೇಡಿ. ಕಳ್ಳ ಕಾದು ಕೂತಿರುವುದು ಆ ಒಂದು ಸಲಕ್ಕೆ.

ವೈನಿಯ ಮನೆಯಲ್ಲಿ ಇನ್ನೂ ನೀರಿನ ಯಂತ್ರವಿದೆ, ಅದಕ್ಕೂ ಕಾವಲು ಬೇಕು. ಈಗ ನಾನು ಮೊದಲು ಹಳಿ ದಾಟಿ ಅಲ್ಲಿಗೇ ಹೋಗುತ್ತೇನೆ, ಉಳಿದ ಮನೆಗಳು ಆಮೇಲೆ. ಅವಳು ಒಡಪನ್ನು ಬದಲಿಸಿದ್ದಾಳೆ. ಬಾಗಿಲು ತೆರೆಯದೆ ಒಳಗಿನಿಂದಲೇ ಕೇಳುತ್ತಾಳೆ:

“ಅವತ್ತ ಯಾಕ ಬರಲಿಲ್ಲ?”

“ಬಿಸಲಿತ್ತು, ವೈನಿ,” ಎನ್ನುತ್ತೇನೆ.

ಆಮೇಲೆ ಅಗಳಿ ಸರಿಯುತ್ತದೆ.