ಐದು ದಿನದ ಗುಳಿಗೆ, ಎರಡು ದಿನದ ಸುತ್ತೋಲೆ

ಔಷಧ ಭಂಡಾರದ ಮಾನ್ಯ ಮುಖ್ಯಾಧಿಕಾರಿಗಳೇ,

ಮೂತ್ರದ ಸೋಂಕಿಗೆ ಡಾಕ್ಟರು ಐದು ದಿನದ ಗುಳಿಗೆ ಬರೆದರೆ ನಿಮ್ಮ ಕಿಟಕಿಯಲ್ಲಿ ಎರಡೇ ದಿನದ್ದು ಕೊಡುತ್ತಾರೆ. ಉಳಿದ ಮೂರು ದಿನದ್ದು ಬೇಕಾದರೆ ಮತ್ತೆ ಮೂತ್ರ ಪರೀಕ್ಷೆಯಾಗಬೇಕು, ಅದರಲ್ಲಿ ಸೋಂಕು ಕಾಣಲೇಬೇಕು. ಗುಳಿಗೆ ಪೋಲಾಗಬಾರದೆಂದು ನೀವು ಹೊರಡಿಸಿದ ಸುತ್ತೋಲೆ ಇದು. ನಿಮ್ಮ ಕಾಳಜಿಗೆ ಕೈ ಮುಗಿದೆ. ಆ ಕಾಳಜಿಯ ಫಲವಾಗಿ ನಮ್ಮಕ್ಕ ಈಗ ನಿಮ್ಮದೇ ಆಸ್ಪತ್ರೆಯ ಎರಡನೇ ವಾರ್ಡಿನಲ್ಲಿ ಮಲಗಿದ್ದಾಳೆ.

ಅಕ್ಕ ಬಸ್ ಕಂಡಕ್ಟರು. ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತಿದರೆ ಮಧ್ಯಾಹ್ನ ಎರಡಕ್ಕೆ ಇಳಿಯುವುದು. ಡ್ರೈವರಿಗೆ ದಾರಿಯುದ್ದಕ್ಕೂ ಮರಗಳಿವೆ. ಅಕ್ಕನಿಗೆ ಒಂದು ಬಾಗಿಲೂ ಇಲ್ಲ. ಅದಕ್ಕೇ ನೀರು ಕುಡಿಯುವುದನ್ನೇ ಬಿಟ್ಟಳು. ಉರಿ ಶುರುವಾಯಿತು, ನಿಮ್ಮಲ್ಲಿಗೆ ಬಂದಳು, ಎರಡು ದಿನದ ಗುಳಿಗೆ ನುಂಗಿದಳು. ಉರಿ ತಗ್ಗಿತು. ಮೂರನೇ ದಿನ ಪರೀಕ್ಷೆಗೆ ಮೂತ್ರದ ಡಬ್ಬಿ ಹಿಡಿದು ಬಂದರೆ ನಿಮ್ಮ ಕಂಪೌಂಡರು ಮುಖವರಳಿಸಿ, "ಸೋಂಕಿಲ್ಲ ಅಕ್ಕಾ, ವಾಸಿಯಾಗಿದೆ, ನಡೀರಿ" ಅಂದ.

"ಡಾಕ್ಟರಮ್ಮ ಐದು ದಿನ ಬರೆದಿದ್ದಾರಲ್ಲಪ್ಪ?"

"ಬರೆಯೋದು ಡಾಕ್ಟರಮ್ಮ, ಕೊಡೋದು ಸುತ್ತೋಲೆ."

ವಾರ ಕಳೆಯುವುದರೊಳಗೆ ಉರಿ ವಾಪಸ್ಸು. ಮತ್ತೆ ಪರೀಕ್ಷೆ, ಮತ್ತೆ ಎರಡು ದಿನ, ಮತ್ತೆ "ನಡೀರಿ". ಹೀಗೆ ಮೂರು ಸುತ್ತು. ಹೊರಗೆ ಕೊಳ್ಳಬಹುದಿತ್ತಲ್ಲ ಎನ್ನುವಿರಿ. ಆದರೆ ಡಾಕ್ಟರಮ್ಮನ ಚೀಟಿ ನಿಮ್ಮ ಕಿಟಕಿಯಲ್ಲೇ ಉಳಿಯುತ್ತದೆ, ಚೀಟಿಯಿಲ್ಲದೆ ಹೊರಗಿನ ಅಂಗಡಿಯವರು ಆ ಗುಳಿಗೆ ಕೊಡುವುದಿಲ್ಲ.

ಸ್ವಾಮಿ, ನಾನು ಕ್ಷೌರದ ಅಂಗಡಿಯವನು. ಎಡಗೆನ್ನೆ ಬೋಳಿಸಿ, "ಬಲಗೆನ್ನೆಗೆ ಬರುವಾಗ ಎಡಗೆನ್ನೆಯಲ್ಲೂ ಗಡ್ಡ ಬೆಳೆದಿದೆಯೆಂದು ಸಾಬೀತು ಮಾಡಿ" ಅಂದರೆ ಗಿರಾಕಿ ನನ್ನ ಕತ್ತಿಯಿಂದಲೇ ನನ್ನ ವಿಚಾರಿಸಿಕೊಳ್ಳುತ್ತಾನೆ. ನಮ್ಮಜ್ಜಿಯ ಕಥೆಗಳಲ್ಲಿ ಏಳು ತಲೆಯ ರಾಕ್ಷಸರು ಬೇಕಾದಷ್ಟಿದ್ದರು. ಎರಡು ತಲೆ ಕಡಿದು, ಉಳಿದವಕ್ಕೆ ಹೊಸ ಅರ್ಜಿ ಬರಲೆಂದು ಊಟಕ್ಕೆದ್ದ ರಾಜಕುಮಾರ ಮಾತ್ರ ಒಬ್ಬನೂ ಇರಲಿಲ್ಲ. ಅರ್ಧ ಪೆಟ್ಟು ತಿಂದ ಹಾವನ್ನು ಹಿತ್ತಿಲಲ್ಲಿ ಬಿಡಬಾರದೆಂದು ಎಮ್ಮೆ ಕಾಯುವವನಿಗೂ ಗೊತ್ತು. ನೀವು ಅದನ್ನು ಅಕ್ಕನ ಹೊಟ್ಟೆಯಲ್ಲೇ ಬಿಟ್ಟು ಬಾಗಿಲು ಹಾಕಿದಿರಿ.

ನಿಮ್ಮ ಸಾಲಿನಲ್ಲಿ ನಿಂತವರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ, ನಿಮಗೆ ತಿಳಿದಿರಲಿ. ಅಲ್ಲಿ ಡಬ್ಬಿ ಮಾವ ಎಂಬ ಹಿರಿಯರೊಬ್ಬರಿದ್ದಾರೆ. ಮೂತ್ರಕ್ಕೆ ನಳಿಗೆ ಹಾಕಿಸಿಕೊಂಡವರು, ಸೋಂಕು ಅವರನ್ನು ಬಿಟ್ಟಿದ್ದೇ ಇಲ್ಲ. ಉಳಿದ ಗುಳಿಗೆ ಬೇಕಾದವರೆಲ್ಲ ಅವರ ಮುಂದೆ ಖಾಲಿ ಡಬ್ಬಿ ಹಿಡಿಯುತ್ತಾರೆ. ಜಿಪುಣತನವಿಲ್ಲದ ಮನುಷ್ಯ. ಕಳೆದ ತಿಂಗಳು ನಿಮ್ಮ ಪ್ರಯೋಗಾಲಯ ಇಪ್ಪತ್ತು ಜನರಲ್ಲಿ ಒಂದೇ ಬಗೆಯ ಸೋಂಕು ಕಂಡು ಊರಿನ ನೀರಿನ ತೊಟ್ಟಿ ತೊಳೆಸಿತಲ್ಲ, ಆ ಇಪ್ಪತ್ತೂ ಒಬ್ಬರೇ.

ಮಾವ ಅಕ್ಕನಿಗೂ ಹೇಳಿದರು, "ತಗೋ ತಾಯಿ, ಸಂಕೋಚ ಬೇಡ. ನನಗಂತೂ ಇದರಿಂದ ಬೇರೆ ಉಪಯೋಗವಿಲ್ಲ."

ಅಕ್ಕ ಒಪ್ಪಲಿಲ್ಲ. ಹದಿನೆಂಟು ವರ್ಷದಲ್ಲಿ ಸ್ವಂತ ಅತ್ತೆಯನ್ನೂ ಟಿಕೆಟ್ಟಿಲ್ಲದೆ ಕರೆದೊಯ್ದವಳಲ್ಲ. "ಇನ್ನೊಬ್ಬರ ಟಿಕೆಟ್ಟಿನಲ್ಲಿ ನಾನು ಹತ್ತೋಲ್ಲ ಕಣೋ, ಸುಮ್ನಿರು" ಎಂದು, ಪಕ್ಕದಲ್ಲಿ ನಿಂತು ತಗೋ ಎಂದ ನನ್ನನ್ನೇ ಗದರಿಸಿ, ತನ್ನದೇ ಡಬ್ಬಿ ಕೊಟ್ಟು, ಬರಿಗೈಲಿ ಮನೆಗೆ ಬಂದಳು.

ನಾಲ್ಕನೇ ಸುತ್ತಿಗೆ ಚಳಿಜ್ವರ ಬಂತು, ಸೊಂಟದ ಮೇಲೆ ನೋವು. ಬಸ್ಸಿನಲ್ಲೇ ಕುಸಿದಳು. ಸೋಂಕು ಮೂತ್ರಪಿಂಡಕ್ಕೆ ಏರಿದೆ ಎಂದರು ಡಾಕ್ಟರಮ್ಮ. ಹಳೆಯ ಗುಳಿಗೆಗೆ ಅದು ಈಗ ಬಗ್ಗುವುದೂ ಇಲ್ಲವಂತೆ. ಬಗ್ಗೀತು ಹೇಗೆ? ಎರಡೆರಡು ದಿನ ಗರಡಿಗೆ ಕರೆದು ಪಟ್ಟು ಕಲಿಸಿ ಕಳಿಸಿದವರು ನೀವೇ ತಾನೆ? ಉಳಿದಿರುವುದು ಒಂದೇ ಬಗೆಯ ಇಂಜೆಕ್ಷನ್ನು, ದಿನಕ್ಕೊಂದರಂತೆ ಏಳು ದಿನ ತಪ್ಪದೆ ಬೀಳಬೇಕು. "ನಡುವೆ ನಿಂತರೆ ಮುಂದಕ್ಕೆ ಕೊಡಲು ನನ್ನ ಹತ್ತಿರ ಏನೂ ಇಲ್ಲ" ಎಂದು ಆಕೆ ನನ್ನ ಮುಖ ನೋಡದೆ ಹೇಳಿದರು.

ನಿನ್ನೆ ಒಂದಾಯಿತು, ಇವತ್ತು ಎರಡನೆಯದು. ಈಗಷ್ಟೇ ನಿಮ್ಮ ಕಂಪೌಂಡರು ಬಂದು ಅಕ್ಕನ ತಲೆದಿಂಬಿನ ಪಕ್ಕ ಖಾಲಿ ಡಬ್ಬಿಯೊಂದನ್ನು ಇಟ್ಟುಹೋದ. ಇಂಜೆಕ್ಷನ್ನಿಗೂ ಅದೇ ಸುತ್ತೋಲೆಯಂತೆ. ಜ್ವರ ಇಳಿದಿದೆ. ನಾಳೆ ಅವಳ ಮೂತ್ರ ತಿಳಿಯಾಗಿರುತ್ತದೆಂಬ ಭಯ ನನಗೆ. ತಮ್ಮನಾದವನು ಹೆದರುವ ವಿಷಯವೇ ಇದು?

ಆದ್ದರಿಂದ ನನ್ನ ಬೇಡಿಕೆ: ಆ ಸುತ್ತೋಲೆಯನ್ನು ಇವತ್ತೇ ಹರಿಯಿರಿ. ಡಾಕ್ಟರು ಎಷ್ಟು ದಿನ ಬರೆದರೋ ಅಷ್ಟು ದಿನದ ಮದ್ದನ್ನು ಒಂದೇ ಸಲ ಕೊಡಿ. ನಾಳೆ ಎಂಟಕ್ಕೆ ನಿಮ್ಮ ಕಿಟಕಿಗೆ ಬರುತ್ತೇನೆ. ಡಬ್ಬಿಯನ್ನು ಖಾಲಿಯೇ ತರುತ್ತೇನೆ. ಉಳಿದ ಐದು ಇಂಜೆಕ್ಷನ್ನು ಅದರಲ್ಲಿ ಹಾಕಿಕೊಡಿ.

ಇಂತಿ,
ಅಕ್ಕನಷ್ಟು ಪ್ರಾಮಾಣಿಕನಲ್ಲದ, ಡಬ್ಬಿ ಮಾವನ ಮನೆಯ ದಾರಿ ಬಲ್ಲ,
ಒಬ್ಬ ತಮ್ಮ