ನೀವು ಚಾಚಿದ ಕೈ

ಗ್ರ್ಯಾಂಡ್‌ಮಾಸ್ಟರ್ ಅವರಿಗೆ ನಮಸ್ಕಾರ.

ನಿಮ್ಮ ಚದುರಂಗದ ಪುಸ್ತಕದಲ್ಲಿ ನಮ್ಮಣ್ಣ ಕಪ್ಪು ಕಾಯಿ ಹಿಡಿದು ನಿಮ್ಮೊಡನೆ ಆಡಿದ ಆಟವಿದೆ. ಅಂದು ಗ್ರಂಥಾಲಯದಲ್ಲಿ ನೀವು ಹಲವರೊಡನೆ ಒಟ್ಟಿಗೇ ಆಡಿದಿರಿ. ‘ಕಪ್ಪಿಗೆ ದಾರಿಯಿಲ್ಲ, ಸೋಲೊಪ್ಪಿದರು’ ಎಂದು ವಿಶ್ಲೇಷಿಸಿದ್ದೀರಿ. ದಾರಿಯಿತ್ತು ಸ್ವಾಮಿ. ಅಣ್ಣನ ಆನೆ ನಿಮ್ಮ ರಾಜನಿಗೆ ಚೆಕ್ ಕೊಡುತ್ತಲೇ ಇದ್ದಿದ್ದರೆ ಆಟ ಸಮನಾಗಿ ಡ್ರಾ ಆಗುತ್ತಿತ್ತು.

ನಾನು ಪಕ್ಕದಲ್ಲೇ ನಿಂತಿದ್ದೆ. ಮೊದಲು ಕೈ ಚಾಚಿದವರು ನೀವು. ಅದು ಡ್ರಾಗೆ ಚಾಚಿದ ಕೈ ಅಲ್ಲವೇ? ಅದನ್ನು ಗೆದ್ದವರ ಕೈ ಎಂದು ತಿಳಿದು, ಸೋತೆನೆಂದುಕೊಂಡು ಅಣ್ಣ ತನ್ನ ರಾಜನನ್ನು ಮಲಗಿಸಿದ. ನೀವು ಅವನನ್ನು ತಿದ್ದದೆ ಮುಂದಿನ ಹಲಗೆಗೆ ಹೋದಿರಿ. ಅವನು ಮತ್ತೆ ಕಾಯಿ ಮುಟ್ಟಲಿಲ್ಲ.

ಈಗ ಹಾಸಿಗೆ ಹಿಡಿದಿದ್ದಾನೆ. ನಾನು ಆನೆ ನಡೆಸಿ ತೋರಿಸಿದರೆ, “ಗ್ರ್ಯಾಂಡ್‌ಮಾಸ್ಟರಿಗಿಂತ ನೀನು ದೊಡ್ಡವನೇನೋ? ಸುಮ್ನಿರು” ಅನ್ನುತ್ತಾನೆ.

ನಿಮ್ಮ ಕೈಯಾರೆ ಅವನಿಗೆ ಒಂದು ಸಾಲು ಬರೆಯಿರಿ, ಬೇಗ. ಅಕ್ಷರ ದೊಡ್ಡದಿರಲಿ. ಅವನ ಕಣ್ಣು ಮಂಜಾಗಿದೆ, ನಾನು ಓದಿ ಹೇಳಿದರೆ ನಂಬುವುದಿಲ್ಲ.

ಇತಿ,
ಕಪ್ಪು ಕಾಯಿಯವನ ತಮ್ಮ