ಹದಿನಾಲ್ಕನೆಯ ಹೆಸರು

8 ಮಾರ್ಚ್ 1994, ಮಂಗಳವಾರ

ಲಸಿಕೆ ಡಬ್ಬಿಗೆ ಐಸ್ ತಡವಾಗಿ ಬಂತು. ಆರು ಮಕ್ಕಳಿಗೆ ಪೋಲಿಯೋ ಹನಿ, ಇಬ್ಬರು ಬಸುರಿಯರಿಗೆ ಟಿ.ಟಿ. ಊಟಕ್ಕೆ ಕೂರುವ ಹೊತ್ತಿಗೆ ಹೊಸ ಮದ್ದಿನ ಸಂಸ್ಥೆಯ ಜೀಪು, ಅದರಲ್ಲಿ ಅವರ ಡಾಕ್ಟರ್. ಡಾಕ್ಟರ್ ನಮ್ಮ ಆರೋಗ್ಯ ಉಪಕೇಂದ್ರದ ಮೆಟ್ಟಿಲ ಮೇಲೆ ನಿಂತೇ ಊರವರಿಗೆ ವಿವರಿಸಿದರು. ತಿಂಗಳಿಗೊಂದು ಇಂಜೆಕ್ಷನ್. ತೆಗೆದುಕೊಂಡವರಿಗೆ ಮುಪ್ಪು ಅಲ್ಲಿಗೇ ನಿಲ್ಲುತ್ತದೆ. ಬೇರೆ ಕಡೆ ನಿಂತಿದೆಯಂತೆ, ನಾಲ್ಕು ವರ್ಷದಿಂದ. ನಮ್ಮ ಊರಿಗೆ ಹದಿನಾಲ್ಕು ಜನಕ್ಕೆ ಮಾತ್ರ. ಐವತ್ತೈದರಿಂದ ಅರವತ್ತೈದರೊಳಗಿನವರು. ಸಕ್ಕರೆ, ಬಿ.ಪಿ. ಇರಬಾರದು. ಜಾಸ್ತಿ ಜನ ಬಂದರೆ ಚೀಟಿ ಎತ್ತುವುದು.

ಜನ ನಕ್ಕರು. ಪುಟ್ಟಮಲ್ಲಪ್ಪನವರು, "ಯಮನಿಗೆ ರಜ ಕೊಟ್ಬುಟ್ರಾ ಡಾಕ್ಟ್ರೇ?" ಎಂದರು. ಆದರೂ ಸಂಜೆಯೊಳಗೆ ನಲವತ್ತೊಂದು ಹೆಸರು ಬಂತು.

ಬಿ.ಪಿ. ನೋಡಿ ಬರೆಯುವ ಕೆಲಸ ನನ್ನದು.

11 ಮಾರ್ಚ್

ಚೀಟಿ ಎತ್ತಿದ್ದಾಯಿತು. ಕರಿಯಯ್ಯ, ಬೀರಮ್ಮ — ಗಂಡ ಹೆಂಡತಿ ಇಬ್ಬರ ಹೆಸರೂ ಬಂತು. ಬೀರಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕರು, ಮದುವೆ ಹೆಣ್ಣಿನ ಹಾಗೆ. ಅರವತ್ತೊಂದು ವರ್ಷ.

ಮನೆಗೆ ಬಂದೆ. ಇವರು ಹೊಲಿಗೆ ಮಿಷನ್ನಿನ ಮುಂದೆ ಬಗ್ಗಿ ಕೂತಿದ್ದರು. ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ನೋಡಿದರು. ಆಮೇಲೆ ನನ್ನ ಕೈಗೆ ಕೊಟ್ಟರು. ಇವರಿಗೆ ಐವತ್ಮೂರು. ನನಗೆ ನಲವತ್ತು. ಮಕ್ಕಳಿಲ್ಲ.

ಅಮ್ಮ ವಿಧವೆಯಾದಾಗ ಮೂವತ್ತೊಂದು. ಆಮೇಲಿನ ಮೂವತ್ತು ವರ್ಷ ಅವಳು ಹೇಗಿದ್ದಳೆಂದು ನೋಡಿದವಳು ನಾನು ಒಬ್ಬಳೇ.

13 ಮಾರ್ಚ್

ಬರೆದುಬಿಟ್ಟೆ.

ಬೀರಮ್ಮ, ಬಿ.ಪಿ. 180/110. ನಾನು ನೋಡಿದಾಗ ಇದ್ದದ್ದು 130/80. ಯಾರಾದರೂ ತಪ್ಪಿದರೆ ಬದಲಿ ಹೆಸರು ನೀವೇ ಕೊಡಿ ಸಿಸ್ಟರ್ ಎಂದಿದ್ದರು ಡಾಕ್ಟರ್. ಕೊಟ್ಟೆ. ಹದಿನಾಲ್ಕನೆಯದು — ನಂಜಣ್ಣ, ಟೈಲರ್, ವಯಸ್ಸು ಐವತ್ತೈದು. ಡಾಕ್ಟರ್ ಓದಲೂ ಇಲ್ಲ, ಸಹಿ ಹಾಕಿದರು.

ನಿಮ್ಮ ಹೆಸರೂ ಬರೆಸಿದ್ದೆ, ಬದಲಿ ಚೀಟಿಯಲ್ಲಿ ಬಂತು ಎಂದು ಇವರಿಗೆ ಹೇಳಿದೆ. ನಂಬಿದರು. ನಾನು ಏನು ಹೇಳಿದರೂ ನಂಬುತ್ತಾರೆ.

2 ಏಪ್ರಿಲ್, ಶನಿವಾರ

ಮೊದಲ ಇಂಜೆಕ್ಷನ್. ಕರಿಯಯ್ಯ ಬೆಂಚಿನ ಮೇಲೆ ಕೂತು ತೋಳು ಕೊಡಲಿಲ್ಲ.

"ಅವಳಿಗಿಲ್ದಿದ್ದು ನನಗ್ಯಾಕೆ ಸಿಸ್ಟ್ರೇ. ಬ್ಯಾರೆಯವರಿಗೆ ಕೊಡಿ."

ಬೀರಮ್ಮನೇ ಅವರ ಅಂಗಿ ತೋಳು ಮಡಿಸಿದರು. "ಸುಮ್ಕೆ ಆಕುಸ್ಕಳಿ. ಇಬ್ರಲ್ಲಿ ಒಬ್ರಾದ್ರೂ ಗಟ್ಟಿಯಾಗಿರ್ಬೇಕಲ್ವಾ. ನನ್ನ ಅಣೆಬರ ಅಂಗಿದ್ರೆ ಸಿಸ್ಟ್ರೇನು ಮಾಡಾರು?"

ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಬಿ.ಪಿ.ಗೆ ಏನವ್ವ ಪತ್ಯ?" ಎಂದರು. ಬಾಯಿ ತಾನೇ ಹೇಳಿತು — ಉಪ್ಪು ಬಿಡಬೇಕು. ಬಿ-ಕಾಂಪ್ಲೆಕ್ಸ್ ಮಾತ್ರೆಯ ಒಂದು ಪಟ್ಟಿ ಕೊಟ್ಟೆ, ಬಿ.ಪಿ. ಮಾತ್ರೆ ಎಂದು. ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

6 ಸೆಪ್ಟೆಂಬರ್ 1997, ಶನಿವಾರ

ಎಷ್ಟು ದಿನವಾಯಿತು ಇದರಲ್ಲಿ ಬರೆದು. ಬರೆಯುವುದು ಒಂದೇ ವಿಷಯ, ಅದನ್ನು ಬರೆಯಲು ಮನಸ್ಸಿಲ್ಲ.

ಮದ್ದು ನಿಜ. ಮೂರು ವರ್ಷ ಆಯಿತು, ಹದಿನಾಲ್ಕು ಜನರಲ್ಲಿ ಒಬ್ಬರಿಗೂ ಹಲ್ಲು ಅಲುಗಿಲ್ಲ. ಪುಟ್ಟಮಲ್ಲಪ್ಪನವರ ನೆತ್ತಿಯಲ್ಲಿ ಕಪ್ಪು ಕೂದಲು ಹುಟ್ಟಿದೆ. ಇವರು ಕನ್ನಡಕ ತೆಗೆದಿಟ್ಟಿದ್ದಾರೆ.

ಕರಿಯಯ್ಯ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಿಂದ ನೇರ ಬಂದಿದ್ದರು, ಮೈಯೆಲ್ಲ ಹೊಗೆ ವಾಸನೆ. ಒಬ್ಬರೇ ಸೌದೆ ಸೀಳುತ್ತಾರಂತೆ ಈಗ. ಬೀರಮ್ಮ ಜೊತೆಯಲ್ಲಿ ಬಂದಿದ್ದರು, ಪ್ರತಿ ತಿಂಗಳಂತೆ. ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು.

5 ಫೆಬ್ರವರಿ 2000, ಶನಿವಾರ

ಎರಡನೆಯ ಪಟ್ಟಿ ಬರುವುದಿಲ್ಲವಂತೆ. ಡಾಕ್ಟರ್ ಬಾಯಿಬಿಟ್ಟು ಹೇಳಲಿಲ್ಲ, ಜೀಪಿನ ಡ್ರೈವರ್ ಹೇಳಿದ. ದೊಡ್ಡ ಊರುಗಳಲ್ಲಿ ಕೊಂಡುಕೊಳ್ಳುವವರಿಗೆ ಮಾತ್ರ ಇನ್ನು. ನಮ್ಮವರಿಗೆ ಮಾತು ಕೊಟ್ಟಿದ್ದಾರೆ, ಕೊಡುತ್ತಾರೆ. ನಡುವೆ ಯಾರನ್ನೂ ಸೇರಿಸುವ ಹಾಗಿಲ್ಲ.

ಊರು ಎರಡಾಗಿದೆ. ಹದಿನಾಲ್ಕು ಜನ ಒಂದು ಕಡೆ, ಮಿಕ್ಕ ಊರೆಲ್ಲ ಒಂದು ಕಡೆ. ಸಾವಿನ ಮನೆಗೆ ಪಟ್ಟಿಯವರು ಹೋದರೆ ಜನ ಜಾಗ ಬಿಟ್ಟು ಕೂರುತ್ತಾರೆ. ಹೋದ ವಾರ ಒಬ್ಬಾಕೆ ಮುಖಕ್ಕೇ ಅಂದಳಂತೆ, "ನೀವ್ಯಾಕೆ ಬಂದ್ರಿ ನೋಡಾಕೆ" ಅಂತ.

ಮಧ್ಯಾಹ್ನ ಪುಟ್ಟಮಲ್ಲಪ್ಪನವರ ಮಗ ನಟರಾಜು ಬಂದ. ತಲೆ ಅರ್ಧ ನರೆತಿದೆ. ಅಪ್ಪನ ಪಕ್ಕ ನಿಂತರೆ ತಮ್ಮನೋ ಅಣ್ಣನೋ ಅನ್ನಬೇಕು. ಬಾಗಿಲು ಮುಂದೆ ಮಾಡಿ ಕೂತ.

"ನಮ್ಮಪ್ಪ ಹೊಲ ಬುಟ್ಟುಕೊಡೋದು ಯಾವತ್ತು ಸಿಸ್ಟರ್? ನಂಗೇ ಐವತ್ತಾಗ್ತಾ ಬಂತು. ಇವತ್ತೂ ಗೊಬ್ಬರ ಯಾವುದು ಆಕ್ಲಿ ಅಂತ ಅವ್ರನ್ನೇ ಕೇಳ್ಬೇಕು. ನನ್ನ ಮಗ ನನ್ನ ಮಾತು ಕೇಳಲ್ಲ, ತಾತನ್ನ ಕೇಳ್ತಾನೆ."

ಸಿರಿಂಜುಗಳನ್ನು ಕುದಿಯಲು ಇಟ್ಟೆ.

"ಒಂದೆರಡು ತಿಂಗಳು ನೀರು ಚುಚ್ಚಿಬುಡಿ. ಯಾರಿಗೂ ಗೊತ್ತಾಗಲ್ಲ."

ಹೊರಗೆ ಹೋಗು ಎಂದು ಕೂಗಿದೆ. ಹೋದ. ಕೂಗಲು ನನಗೆ ಯಾವ ಹಕ್ಕಿತ್ತು? ಅವನು ಕೇಳಿದಂಥ ಮೋಸ ನಾನು ಎಂದೋ ಮಾಡಿ ಮುಗಿಸಿದ್ದೆ.

4 ಮಾರ್ಚ್ 2000

ಡಾಕ್ಟರ್ ಹೊಸ ಎಚ್ಚರಿಕೆ ತಂದರು. ಕೆ.ಆರ್. ನಗರದ ಕಡೆ ಒಬ್ಬ ಹೆಂಗಸು ಇಂಜೆಕ್ಷನ್ ಬಿಟ್ಟರಂತೆ. ತಡೆದಿಟ್ಟ ವರ್ಷಗಳೆಲ್ಲ ಎರಡರಷ್ಟಾಗಿ ಬಂದವು. ಎರಡು ತಿಂಗಳಲ್ಲಿ ಹೋಗಿಬಿಟ್ಟರು. ಯಾರೂ ತಪ್ಪಿಸದ ಹಾಗೆ ನೋಡಿಕೊಳ್ಳಿ ಸಿಸ್ಟರ್ ಎಂದರು.

ಅಂದರೆ ಇದು ಹಿಂದಕ್ಕೆ ಬರುವ ದಾರಿಯಲ್ಲ.

7 ಜೂನ್ 2003, ಶನಿವಾರ

ಬೀರಮ್ಮನಿಗೆ ಎಪ್ಪತ್ತು. ಹಲ್ಲಿಲ್ಲ, ನಡು ಬಗ್ಗಿದೆ. ಮಗಳು ಬೃಂದಾಳ ಊರು ಕಟ್ಟೆಮಳಲವಾಡಿ. ಅಲ್ಲಿಗೆ ಬಸ್ಸಿನಲ್ಲಿ ಹೋಗುವಾಗ ಕಂಡಕ್ಟರ್ ಕರಿಯಯ್ಯನಿಗೆ, "ನಿಮ್ಮ ತಾಯಿನ ಮುಂದೆ ಕೂರ್ಸಿ" ಎಂದನಂತೆ. ಬೀರಮ್ಮ ನಗುನಗುತ್ತಲೇ ಹೇಳಿದರು. ಕರಿಯಯ್ಯ ಗೋಡೆ ನೋಡುತ್ತಿದ್ದರು.

ಆಮೇಲೆ, "ಬೃಂದಾ ಬಲವಂತ ಮಾಡಿ ಉಣಸೂರಲ್ಲಿ ಡಾಕ್ಟ್ರಿಗೆ ತೋರ್ಸುದ್ಲು ಕಣವ್ವ. ಬಿ.ಪಿ. ಒಂದು ಚೂರೂ ಇಲ್ವಂತೆ! ಎಲ್ಲಾ ನೀವು ಯೋಳಿದ ಪತ್ಯದಿಂದ. ಒಂಬತ್ತು ವರ್ಸ ಆಯ್ತು ಉಪ್ಪು ನಾಲಗೆ ಮೇಲಿಟ್ಟು. ಉಪ್ಪಿಲ್ದೆ ಮುದ್ದೆ ಒಳಕ್ಕೋಗ್ತಿರ್ನಿಲ್ಲ ಮೊದಮೊದ್ಲು. ಈಗ ಅಭ್ಯಾಸ ಆಗೋಯ್ತು."

ನನ್ನ ಕೈ ಹಿಡಿದುಕೊಂಡು ಹೇಳಿದರು. ನಾನು ಬಿಡಿಸಿಕೊಳ್ಳಲಿಲ್ಲ. ಬಿಡಿಸಿಕೊಳ್ಳಬೇಕಿತ್ತು.

21 ಜುಲೈ 2003

ಬೀರಮ್ಮ ಹೋದರು. ನಾಲ್ಕು ದಿನದ ಜ್ವರ, ಎದೆಯಲ್ಲಿ ಕಫ. ಪಟ್ಟಿಯವರಿಗೂ ಇಂಥ ಜ್ವರ ಬರುತ್ತದೆ, ಎರಡು ದಿನದಲ್ಲಿ ಎದ್ದು ಓಡಾಡುತ್ತಾರೆ. ಬೀರಮ್ಮನ ಮೈಯಲ್ಲಿ ಶಕ್ತಿ ಇರಲಿಲ್ಲ.

ಮಣ್ಣು ಹಾಕುವಾಗ ಕರಿಯಯ್ಯ ನಿಂತಿದ್ದ ರೀತಿ... ಮಗ ತಾಯಿಗೆ ಹಾಕಿದ ಹಾಗಿತ್ತು. ನೋಡಲಾಗಲಿಲ್ಲ.

2 ಆಗಸ್ಟ್, ಶನಿವಾರ

ಎಲ್ಲರೂ ಹೋದ ಮೇಲೆ ಕರಿಯಯ್ಯ ಬಂದರು. ತೋಳು ಕೊಡಲಿಲ್ಲ.

"ಇನ್ನು ಸಾಕು ಸಿಸ್ಟ್ರೇ."

ಕೆ.ಆರ್. ನಗರದ ಸುದ್ದಿ ಹೇಳಿದೆ. ಎರಡು ತಿಂಗಳು ಅಷ್ಟೇ, ಯೋಚನೆ ಮಾಡಿ ಎಂದೆ.

"ಅದೇ ಬೇಕಾಗಿರೋದು. ಅಟ್ಟೀಲಿ ಒಬ್ನೇ ಕೂತ್ಕಂಡು ಎಷ್ಟು ವರ್ಸ ಅಂತ ಎಣಿಸ್ಲಿ? ಎಣಿಕೆಗೆ ಕೊನೆಯಾದ್ರೂ ಇದ್ಯಾ?"

ಆಗ ಹೇಳಿಬಿಟ್ಟೆ. ಎಲ್ಲ. 130ನ್ನು 180 ಮಾಡಿದ್ದು, ಯಾರ ಹೆಸರು ಬರೆದದ್ದು, ಮಾತ್ರೆ ಯಾವುದು ಎಂಬುದು. ಅವರು ಬೈಯುತ್ತಾರೆ, ಹೊಡೆಯುತ್ತಾರೆ ಅಂದುಕೊಂಡೆ. ಹೊಡೆಯಲಿ ಅಂದುಕೊಂಡೆ.

ಹೆಗಲ ಮೇಲಿನ ಟವಲು ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ, "ಬೀರಿಗೆ ಏನೂ ಇರ್ನಿಲ್ವಾ?"

"ಇರಲಿಲ್ಲ."

"ಜೊತೇಲೇ ಇರ್ಬೋದಾಗಿತ್ತು ನಾವು."



ಎದ್ದರು. ಬಾಗಿಲಲ್ಲಿ ನಿಂತು, "ನಂಜಣ್ಣಂಗೆ ಗೊತ್ತಾ?" ಎಂದರು. ಇಲ್ಲ ಎಂದೆ.

"ಯೋಳ್ಬೇಡಿ. ಅವನು ಒಳ್ಳೇವ್ನು. ಗೊತ್ತಾದ್ರೆ ಅವನೂ ತಕಳದಿಲ್ಲ. ನನ್ನವಳು ಹೋಗಿದ್ದು ಸಾಕು."

ನನ್ನನ್ನು ಕ್ಷಮಿಸಲಿಲ್ಲ. ಕ್ಷಮಿಸಿದೆ ಎಂದು ಅವರು ಅನ್ನಲಿಲ್ಲ, ನಾನೂ ಕೇಳಲಿಲ್ಲ.

4 ಆಗಸ್ಟ್

ಹುಣಸೂರಿನ ತಾಲ್ಲೂಕು ಆರೋಗ್ಯ ಕಚೇರಿಗೆ ಹೋಗಿ ಎಲ್ಲ ಬರೆದು ಕೊಟ್ಟೆ. ಸಾಹೇಬರು ಎರಡು ಸಲ ಓದಿದರು. "ಒಂಬತ್ತು ವರ್ಷ ಸುಮ್ಮನಿದ್ದು ಈಗ ಯಾಕಮ್ಮ?" ಎಂದರು. ಮನೆಗೆ ಕಳಿಸಿದರು. ಆರ್ಡರ್ ಆಮೇಲೆ ಬರುತ್ತದಂತೆ.

ಇವರಿಗೆ ಇನ್ನೂ ಹೇಳಿಲ್ಲ. ರಜ ಹಾಕಿದ್ದೇನೆ ಎಂದೆ.

17 ಆಗಸ್ಟ್

ಹೇಳುವುದು ಉಳಿಯಲಿಲ್ಲ. ಕರಿಯಯ್ಯ ಮಗಳಿಗೆ ಹೇಳಿದ್ದರು. ಬೃಂದಾ ಬೆಳಿಗ್ಗೆ ಬಿಳಿಕೆರೆಗೆ, ಇವರ ಅಂಗಡಿಗೇ ಹೋದಳು. ಜಗಳವಾಡಲಿಲ್ಲವಂತೆ. ಅವ್ವನ ಹಳೇ ರವಿಕೆಯೊಂದನ್ನು ಮಿಷನ್ನಿನ ಮೇಲಿಟ್ಟು, "ನೀವೇ ಒಲಿದಿದ್ದು ಇದು. ನಿಮ್ಮ ಎಸರು ಬರೆದ ಜಾಗದಲ್ಲಿ ಇವಳ ಎಸರಿತ್ತು" ಎಂದಷ್ಟೇ ಹೇಳಿ ಹೊರಟುಹೋದಳಂತೆ.

ಇವರು ಹನ್ನೆರಡಕ್ಕೇ ಮನೆಗೆ ಬಂದರು. ನಿಜವಾ ಎಂದು ಕೇಳಿದರು. ತಲೆ ಆಡಿಸಿದೆ.

"ಯಾಕೆ ಮಂಗಳಾ?"

"ನೀವು ಬೇಕಾಗಿತ್ತು."

ಕಾಲು ತೊಳೆದು ಬಂದು ಜಗಲಿಯಲ್ಲಿ ಕೂತರು. ಊಟ ಮಾಡಲಿಲ್ಲ. ಸಂಜೆ ಕರಿಯಯ್ಯನ ಮನೆ ಕಡೆ ಹೋದರು. ಏನು ಮಾತಾಡಿದರೋ ಗೊತ್ತಿಲ್ಲ. ಬಂದು ಇಷ್ಟೇ ಹೇಳಿದರು, "ಇವು ನನ್ನ ವರ್ಷ ಅಲ್ಲ ಕಣೆ. ನನಗೆ ಬೇಡ."

ಕಾಲು ಹಿಡಿದುಕೊಂಡೆ. ಬಿಡಿಸಿಕೊಂಡರು, ಮೆಲ್ಲಗೆ. ಬೈದಿದ್ದರೆ ಚೆನ್ನಾಗಿತ್ತು.

6 ಸೆಪ್ಟೆಂಬರ್, ಶನಿವಾರ

ಸಸ್ಪೆಂಡ್ ಆರ್ಡರ್ ಬಂತು. ಉಪಕೇಂದ್ರಕ್ಕೆ ಬೇರೆ ಸಿಸ್ಟರ್ ಬಂದಿದ್ದಾಳೆ, ಹುಡುಗಿ. ದೂರದಿಂದ ನೋಡಿದೆ. ಹನ್ನೆರಡು ಜನ ಸಾಲಿನಲ್ಲಿದ್ದರು. ಕರಿಯಯ್ಯ ಇಲ್ಲ. ಇವರೂ ಇಲ್ಲ.

ಇಬ್ಬರೂ ಕೆರೆ ಏರಿಯ ಮೇಲೆ ಕೂತಿದ್ದರು.

24 ಸೆಪ್ಟೆಂಬರ್

ಇವರ ಕಿವಿಯ ಹತ್ತಿರ ಬಿಳಿ ಕೂದಲು. ಮೊನ್ನೆ ಇರಲಿಲ್ಲ.

ಕರಿಯಯ್ಯನಿಗೆ ಎದ್ದು ಓಡಾಡಲು ಆಗುವುದಿಲ್ಲ. ಇವರೇ ದಿನಾ ಹೋಗಿ ಸ್ನಾನ ಮಾಡಿಸಿ ಬರುತ್ತಾರೆ. ಬೃಂದಾ ಬಂದು ಅಲ್ಲೇ ಇದ್ದಾಳೆ. ನಾನು ಹೋದರೆ ಒಳಗೆ ಬಿಡುವುದಿಲ್ಲ. ಗಂಜಿ ಮಾಡಿ ಇವರ ಕೈಯಲ್ಲಿ ಕಳಿಸುತ್ತೇನೆ. ಪಾತ್ರೆ ಖಾಲಿಯಾಗಿ ಬರುತ್ತದೆ. ಕುಡಿಸುತ್ತಾಳೋ ಚೆಲ್ಲುತ್ತಾಳೋ.

3 ಅಕ್ಟೋಬರ್

ಕರಿಯಯ್ಯ ತೀರಿಕೊಂಡರು. ಬೀರಮ್ಮನ ಪಕ್ಕದಲ್ಲೇ ಮಣ್ಣು ಮಾಡಿದರು. ಪಟ್ಟಿಯ ಹನ್ನೆರಡು ಜನರೂ ಬಂದಿದ್ದರು. ಈ ಸಲ ಯಾರೂ ಜಾಗ ಬಿಟ್ಟು ಕೂರಲಿಲ್ಲ. ಪುಟ್ಟಮಲ್ಲಪ್ಪನವರು ಎಲ್ಲರಿಗಿಂತ ಜೋರಾಗಿ ಅತ್ತರು. ನಟರಾಜು ಅಪ್ಪನ ಭುಜ ಹಿಡಿದುಕೊಂಡು ನಿಂತಿದ್ದ. ಅವನ ಮುಖ ನೋಡಲು ನನಗೆ ಭಯವಾಯಿತು.

ನಾನು ಬೇಲಿಯಾಚೆ ನಿಂತಿದ್ದೆ.

15 ಅಕ್ಟೋಬರ್

ಇವರಿಗೆ ಮೂರು ಹಲ್ಲು ಹೋದವು ಈ ವಾರ. ಬೆನ್ನು ಬಗ್ಗಿದೆ. ಅಂಗಡಿ ಕೀಲಿ ಮಾಲೀಕರಿಗೆ ಕೊಟ್ಟು ಬಂದರು. ಮಾತು ಬಿಟ್ಟಿಲ್ಲ ನನ್ನ ಜೊತೆ. ಹೇಗೆ ಬಿಡುತ್ತಾರೆ, ಇಬ್ಬರೇ ಅಲ್ಲವಾ. ಆದರೆ ಹೆಸರು ಹಿಡಿದು ಕರೆಯುವುದಿಲ್ಲ ಈಗ.

ಡಾಕ್ಟರ್ ಜೀಪಿನಲ್ಲಿ ಬಂದು ಒಂದು ಗಂಟೆ ಕೂತು ಹೇಳಿದರು, ಇವತ್ತೇ ಶುರು ಮಾಡಿದರೂ ಉಳಿಯಬಹುದು ಎಂದು. ಇವರು ಕಾಫಿ ಕೊಡಲು ಹೇಳಿದರು, ಕೈ ಮುಗಿದರು, ಬೇಡ ಎಂದರು.

26 ಅಕ್ಟೋಬರ್, ಭಾನುವಾರ, ಬೆಳಿಗ್ಗೆ ಹತ್ತು

ಮುಖ ಕ್ಷೌರ ಮಾಡು ಎಂದರು. ಜಗಲಿಯ ಬಿಸಿಲಿನಲ್ಲಿ ಕೂರಿಸಿಕೊಂಡು ಮಾಡಿದೆ. ಕೆನ್ನೆ ಒಳಕ್ಕೆ ಹೋಗಿದೆ, ಬ್ಲೇಡು ನಿಲ್ಲುವುದಿಲ್ಲ. ಕನ್ನಡಿ ಹಿಡಿದೆ. ನೋಡಿಕೊಂಡು, "ನಮ್ಮಪ್ಪನೇ ಕೂತಿದ್ದಾನೆ" ಎಂದು ನಕ್ಕರು. ಎಷ್ಟು ತಿಂಗಳಾಗಿತ್ತು ನಕ್ಕು.

ಆಮೇಲೆ ನನ್ನ ಗಲ್ಲದ ಮೇಲಿನ ಸೋಪಿನ ನೊರೆ ಒರೆಸಿ, "ಮಂಗಳಾ, ನಿನಗೂ ಐವತ್ತಾಯ್ತಲ್ಲೇ" ಎಂದರು.

ಈಗ ಒಳಗೆ ಮಲಗಿದ್ದಾರೆ. ಉಸಿರು ಇಲ್ಲಿಗೇ ಕೇಳುತ್ತಿದೆ. ಮಜ್ಜಿಗೆ ಬೇಕಂತೆ, ಒಂದು ಲೋಟ. ಕರೆದರು, ಹೆಸರು ಹಿಡಿದೇ. ಕೊಟ್ಟು ಬಂದು ಮಿಕ್ಕಿದ್ದು ಬರೆಯುತ್ತೇನೆ.